ಹರಕೆ ಹೊತ್ತ ಮೇಲೆ ಥೆರಪಿ ಯಾಕೆ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಆಟಿಸಂ ಅಂತ ಡಾಕ್ಟರು ಹೇಳಿದ್ದಾರೆ. ಮಾತು ಬರಲಿ ಅಂತ ಊರಿನ ದೇವರಿಗೆ ಹರಕೆ ಹೊತ್ತಿದ್ದೇವೆ. ಮನೆಯಲ್ಲಿ ಹಿರಿಯರು ಸ್ವಲ್ಪ ಕಾಯೋಣ, ದೇವರು ಕಣ್ಣು ಬಿಡ್ತಾನೆ ಅಂತಾರೆ. ಈಗ ಥೆರಪಿ ಶುರು ಮಾಡಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದಾ?

ಮುಂಬೈ ಸುತ್ತಲಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡದ ತಾಯಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ನನ್ನ ಮಗನಿಗೆ ಈಗ 15 ವರ್ಷ. ನಾನೂ ಹರಕೆ ಹೊತ್ತವಳೇ.

ಹಾಗೇನೂ ಆಗುವುದಿಲ್ಲ. ಹರಕೆ ಇರಲಿ, ಥೆರಪಿಯೂ ಶುರುವಾಗಲಿ. ಆದರೆ ಹರಕೆ ಫಲಿಸಲಿ ಅಂತ ಥೆರಪಿಯನ್ನು ಮುಂದೆ ಹಾಕಬೇಡಿ. ಸಣ್ಣ ವಯಸ್ಸಿನಲ್ಲಿ ಕಲಿತದ್ದು ಬೇಗ ಹಿಡಿಯುತ್ತದೆ. ಮೂರೂವರೆಯ ಮಗುವಿಗೆ ಒಂದು ವರ್ಷ ಅಂದರೆ ತುಂಬಾ ದೊಡ್ಡದು.

ಇನ್ನೊಂದು ಮಾತನ್ನೂ ಹೇಳಬೇಕು, ಕೇಳಲು ಕಷ್ಟವಾದರೂ. ಆಟಿಸಂ ಜ್ವರದ ಹಾಗೆ ಬಂದು ಹೋಗುವಂಥದ್ದಲ್ಲ. ಮಗುವಿನ ಮಿದುಳು ಬೆಳೆದ ರೀತಿಯೇ ಬೇರೆ. ಅದನ್ನು ತೆಗೆಯುವ ಔಷಧಿ ಯಾವ ಡಾಕ್ಟರ ಹತ್ತಿರವೂ ಇಲ್ಲ. ಥೆರಪಿಯಲ್ಲಿ ಮಗುವಿಗೆ ಬೇಕು, ಬೇಡ ಹೇಳುವ ದಾರಿ ತೋರಿಸುತ್ತಾರೆ. ಸದ್ದು, ಬೆಳಕು, ಜನಜಂಗುಳಿ ತಡೆದುಕೊಳ್ಳಲು ನೆರವಾಗುತ್ತಾರೆ. ಅವನನ್ನು ಅರ್ಥ ಮಾಡಿಕೊಳ್ಳಲು ನಮಗೂ ಕಲಿಸುತ್ತಾರೆ. ನನಗಂತೂ ಈ ಕೊನೆಯದ್ದೇ ಜಾಸ್ತಿ ಬೇಕಿತ್ತು.

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಬಾಯಿ ಬಿಟ್ಟು ಕೇಳುವುದಿಲ್ಲ. ನಾನು ಏನು ತಪ್ಪು ಮಾಡಿದೆ? ನಾಗದೋಷವಾ? ಹಿಂದಿನ ಜನ್ಮದ ಕರ್ಮವಾ? ಬಸುರಿಯಾಗಿದ್ದಾಗ ಒಂಬತ್ತು ತಿಂಗಳೂ ಲೋಕಲ್ ಟ್ರೈನಿನಲ್ಲಿ ನಿಂತು ಆಫೀಸಿಗೆ ಹೋದದ್ದಕ್ಕಾ? ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಇದನ್ನೇ ಲೆಕ್ಕ ಹಾಕುತ್ತಿದ್ದೆ.

ತಾಯಿಯ ಮೇಲೆ ತಪ್ಪು ಹೊರಿಸಿದವರು ನಮ್ಮ ನೆಂಟರು ಮಾತ್ರ ಅಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ಡಾಕ್ಟರು 11 ಮಕ್ಕಳ ಬಗ್ಗೆ ಬರೆದ ಮೇಲೆ ಆಟಿಸಂ ವೈದ್ಯರ ಕಣ್ಣಿಗೆ ಬಿತ್ತು. ಅದಾದ ಮೇಲೆ ಎಷ್ಟೋ ವರ್ಷ ದೊಡ್ಡ ದೊಡ್ಡ ಪಂಡಿತರೇ ತಾಯಂದಿರ ಕಡೆ ಬೆರಳು ತೋರಿಸಿದರು. ತಾಯಿಗೆ ಪ್ರೀತಿ ಇಲ್ಲ, ಫ್ರಿಜ್ಜಿನ ಹಾಗೆ ತಣ್ಣಗಿದ್ದಾಳೆ, ಅದಕ್ಕೇ ಮಗು ಹೀಗೆ ಅಂದರು. 1977ರಲ್ಲಿ ಅವಳಿ ಮಕ್ಕಳ ಒಂದು ಅಧ್ಯಯನ ಹೊರಗೆ ಬಂತು. ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ ಇನ್ನೊಬ್ಬರಿಗೂ ಇರುವುದು ಎದ್ದು ಕಂಡಿತು. ಬೇರೆ ಬೇರೆ ಥರದ ಅವಳಿಗಳಲ್ಲಿ ಹಾಗಿರಲಿಲ್ಲ. ಅಂದರೆ ಇದು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವಂಥದ್ದು, ಸಾಕುವ ರೀತಿಯಿಂದ ಆಗುವುದಲ್ಲ. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಎದ್ದ ಮಾತೂ ಸುಳ್ಳು. ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು. ದಯವಿಟ್ಟು ನಿಮ್ಮ ಮೇಲೆ ಹೊರಿಸಿಕೊಂಡ ಆ ತಪ್ಪನ್ನು ಇಳಿಸಿಬಿಡಿ.

ಈಗ ನನ್ನ ಹರಕೆಯ ವಿಷಯ. ಮಗನಿಗೆ ಮಾತು ಬಂದರೆ ಊರಿನ ದೇವಸ್ಥಾನದಲ್ಲಿ ಬೆಲ್ಲದ ತುಲಾಭಾರ ಮಾಡಿಸ್ತೇನೆ ಅಂತ ಹೇಳಿಕೊಂಡಿದ್ದೆ. ಅರಿಸಿನದ ಬಟ್ಟೆಯಲ್ಲಿ 11 ರೂಪಾಯಿ ಕಟ್ಟಿ ದೇವರ ಮುಂದೆ ಇಟ್ಟೆ. ಐದು ವರ್ಷವಾದರೂ ಅಮ್ಮ ಅನ್ನಲಿಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ: "ಪುಢೀಲ್ ಸ್ಟೇಶನ್ ದಾದರ್. ಅಗಲಾ ಸ್ಟೇಶನ್ ದಾದರ್." ವಾರಕ್ಕೆ ಎರಡು ಸಲ ಥೆರಪಿಗೆ ಲೋಕಲಿನಲ್ಲಿ ದಾದರಿಗೆ ಹೋಗುತ್ತಿದ್ದೆವು. ಮುಂದಿನ ಸ್ಟೇಶನ್ ದಾದರ್ ಅಂತ ರೈಲಿನಲ್ಲಿ ಮರಾಠಿ, ಹಿಂದಿಯಲ್ಲಿ ಬರುವ ಘೋಷಣೆಯನ್ನು ಅದೇ ರಾಗದಲ್ಲಿ ಹೇಳುತ್ತಿದ್ದ. ನೆಂಟರು ನಗುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಸ್ಪೀಚ್ ಥೆರಪಿಸ್ಟ್ ಒಂದು ಕೆಲಸ ಕೊಟ್ಟರು. ಅವನು ಯಾವಾಗ ಇದನ್ನು ಹೇಳ್ತಾನೆ, ಬರೆದಿಡಿ ಅಂದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯತೊಡಗಿದೆ. ಸೋಮವಾರ, ಕುಕ್ಕರ್ ಕೂಗಿದಾಗ. ಬುಧವಾರ, ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ. ಶನಿವಾರ, ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಜಾಗಟೆ ಬಾರಿಸಿದಾಗ, ಎರಡೂ ಕಿವಿ ಮುಚ್ಚಿಕೊಂಡು. ಮೂರನೇ ವಾರ ಕ್ಯಾಲೆಂಡರ್ ನೋಡುತ್ತಾ ನಿಂತವಳಿಗೆ ಮೈ ಜುಂ ಅಂತು. ಆ ಘೋಷಣೆ ಬಂದ ಕೂಡಲೇ ನಾವು ಎದ್ದು ಬಾಗಿಲಿಗೆ ಹೋಗಿ ಇಳಿಯುತ್ತೇವೆ, ಅಲ್ವಾ? ಅವನು ಹೇಳುತ್ತಿದ್ದದ್ದು ಅದನ್ನೇ. ಸಾಕಮ್ಮಾ, ಇಲ್ಲಿಂದ ಇಳಿಯೋಣ.

ಕೇಳಿದ ಮಾತನ್ನು ಹೀಗೆ ಮತ್ತೆ ಮತ್ತೆ ಹೇಳುವುದಕ್ಕೆ ಎಕೊಲೇಲಿಯಾ ಅನ್ನುತ್ತಾರೆ. ಅದು ಸುಮ್ನೆ ಬಡಬಡಿಕೆ ಅಲ್ಲ. ಎಷ್ಟೋ ಸಲ ಅದರಲ್ಲಿ ಅರ್ಥ ಇರುತ್ತದೆ, ಹುಡುಕಬೇಕು. ಹುಡುಕಿದರೆ ಸಿಗುತ್ತದೆ ಅನ್ನುವ ನಂಬಿಕೆ ನನಗೆ ಎಲ್ಲಿಂದ ಬಂತು ಅಂದರೆ, ದೇವರ ಮುಂದೆ ಐದು ವರ್ಷ ಕೂತದ್ದರಿಂದಲೇ ಅನ್ನುತ್ತೇನೆ.

ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವ ಕೇಳಿದ್ದು ನಮಗೆ ಗೊತ್ತಾಯ್ತಲ್ಲ ಮಾರಾಯ್ತಿ, ಮಾತು ಅಂದ್ರೆ ಇನ್ನೆಂತ?" ಅಂದರು. ಆ ಮೇ ರಜೆಯಲ್ಲೇ ತುಲಾಭಾರಕ್ಕೆ ಹೊರಟೆವು.

ಮುಂಚಿನ ದಿನವೇ ಭಟ್ರಿಗೆ ಹೇಳಿಟ್ಟಿದ್ದೆ. ಜಾಗಟೆ ಬೇಡ, ವಾದ್ಯ ಬೇಡ, ಜನ ಬರುವ ಮೊದಲೇ ಮುಗಿಸೋಣ ಅಂತ. "ಅಡ್ಡಿಯಿಲ್ಲಮ್ಮ, ಮಂತ್ರ ಮೆಲ್ಲಗೆ ಹೇಳಿದ್ರೂ ದೇವರಿಗೆ ಕೇಳ್ತದೆ" ಅಂದರು. ತಕ್ಕಡಿಯ ಮೇಲೆ ಕೂರಿಸಿದೆವು. ಅದು ಮೆಲ್ಲಗೆ ತೂಗಾಡಿತು. ಥೆರಪಿ ಕೋಣೆಯಲ್ಲೂ ಅವನಿಗೆ ಇಷ್ಟವಾದದ್ದು ಉಯ್ಯಾಲೆಯೇ. ಆ ಕಡೆ ಬೆಲ್ಲದ ಅಚ್ಚುಗಳು ಒಂದೊಂದಾಗಿ ಏರಿದವು. ಅವನು ಹಗ್ಗದ ಹುರಿಯನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದ. ಪುಢೀಲ್ ಸ್ಟೇಶನ್ ಅನ್ನಲೇ ಇಲ್ಲ.

ಹಾಗಾಗಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಮಗುವಿಗೆ ಹೊಂದುವ ಹೊತ್ತು ನೋಡಿ ಹೋಗಿ. ಅಳುತ್ತಿರುವ ಮಗುವನ್ನು ಗದ್ದಲದಲ್ಲಿ ಹಿಡಿದು ನಿಲ್ಲಿಸಬೇಡಿ.

ನಮ್ಮ ನಂಬಿಕೆಯ ಮೇಲೆ ದುಡ್ಡು ಮಾಡುವವರೂ ಇದ್ದಾರೆ. ಇದರಲ್ಲಿ ತಾಯಿತ ಕಟ್ಟುವವರು, ಕ್ಲಿನಿಕ್ ಇಟ್ಟವರು ಅಂತ ವ್ಯತ್ಯಾಸವಿಲ್ಲ. ಆರು ತಿಂಗಳಲ್ಲಿ ಗುಣ ಮಾಡ್ತೇವೆ ಅಂದರೆ ಎದ್ದು ಬನ್ನಿ. ಸ್ಟೆಮ್ ಸೆಲ್, ಅಂದರೆ ಮೂಲಕೋಶಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ, ಅದರ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುತ್ತಾರೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಈ ಚಿಕಿತ್ಸೆಗೆ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟಿಸಂ ಇಲ್ಲ. ಬಳೆ ಮಾರಿಯಾದರೂ ನಾವು ಕೊಡುತ್ತೇವೆ ಅಂತ ಅವರಿಗೆ ಗೊತ್ತು.

ಎಲ್ಲಿ ಶುರು ಮಾಡುವುದು? ಮುಂಬೈಯಲ್ಲಾದರೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ ಇದೆ. ಊರ ಕಡೆ ಹೋದಾಗ ಕನ್ನಡದಲ್ಲೇ ತಪಾಸಣೆ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲಿ ಕನ್ನಡ ಬಿಡಿ ಅಂತ ಯಾರಾದರೂ ಹೇಳಬಹುದು. ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಇರುವ ಮಕ್ಕಳು ಹಿಂದೆ ಬೀಳುವುದಿಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ. ಮುದ್ದು ಮಾಡಲು ಬರುವ ಭಾಷೆಯನ್ನೇ ಬಿಟ್ಟರೆ ನಾವು ಮಗುವಿನ ಹತ್ತಿರ ಏನು ಮಾತಾಡುವುದು? ಬೇಕಾದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡ್ ಕೊಟ್ಟರೆ ಮಾತು ನಿಂತುಹೋಗುತ್ತದೆ ಅನ್ನುವುದೂ ಬರೀ ಭಯ. ನನ್ನ ಮಗ ಈಗ ಟ್ಯಾಬಿನಲ್ಲಿ ಚಿತ್ರ ಒತ್ತಿ ಮೊಸರನ್ನ ಕೇಳುತ್ತಾನೆ. ಕೆಲವು ದಿನ ಬಾಯಲ್ಲೂ ಹೇಳುತ್ತಾನೆ.

ನಮ್ಮ ನಂತರ ಇವನಿಗೆ ಯಾರು? ಪ್ರತಿ ಪ್ರಾರ್ಥನೆಯಲ್ಲೂ ಇದು ಇರುತ್ತದೆ. ಅದಕ್ಕೆ ಕಾಗದದ ಕೆಲಸವೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಆದ್ದರಿಂದ ಅಂಗವೈಕಲ್ಯದ ಸರ್ಟಿಫಿಕೇಟ್ ಮತ್ತು ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಆಟಿಸಂನಂಥ ವೈಕಲ್ಯ ಇರುವವರಿಗಾಗಿ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್ ಇದೆ, ಅದರ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮಗುವಿಗೆ 18 ತುಂಬಿದ ಮೇಲೆ ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನಿನ ಪ್ರಕಾರ ಅವನನ್ನು ನೋಡಿಕೊಳ್ಳುವ ಗಾರ್ಡಿಯನ್ ನೇಮಿಸಲು ಅರ್ಜಿ ಹಾಕಬಹುದು. ನಮ್ಮ ಮನೆಯಲ್ಲಿ ಈ ಕಾಗದಗಳ ಫೈಲು ದೇವರ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ನಾನಿಲ್ಲದಾಗಲೂ ಯಾರು ಹುಡುಕಿದರೂ ಸಿಗಲಿ ಅಂತ. ಆ ಹಳೆಯ ಕ್ಯಾಲೆಂಡರಿನ ಮೂರು ಹಾಳೆಗಳೂ ಅದರಲ್ಲೇ ಇವೆ.