ಸ್ಮಾರ್ಟ್ ಮೀಟರ್: ಓಡುವ ಅಂಕಿಗಿಂತ ಒಳಗಿರುವ ಸ್ವಿಚ್ಚಿನ ಬಗ್ಗೆ ಕೇಳಿ

ಹೊಸ ಮನೆ ಕಟ್ಟಿಸುವವರು, ಹಳೇ ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸುವವರು ಕನೆಕ್ಷನ್ ಕೆಲಸಕ್ಕೆ ನನ್ನ ಹತ್ತಿರ ಬರುತ್ತಾರೆ. ಈಗೀಗ ಅವರು ಕೇಳುವ ಮೊದಲ ಪ್ರಶ್ನೆ ವೈರಿಂಗ್ ಬಗ್ಗೆ ಇರುವುದಿಲ್ಲ. ‘ಸ್ಮಾರ್ಟ್ ಮೀಟರ್ ಬೇಡ ಅಂದ್ರೆ ಏನಾಗುತ್ತೆ?’ ಅಂತ ಕೇಳುತ್ತಾರೆ. ರೀಡಿಂಗನ್ನು ತಾನೇ ವಿದ್ಯುತ್ ನಿಗಮಕ್ಕೆ ಕಳಿಸುವ ಮೀಟರ್ ಅದು. ಲೈಸೆನ್ಸ್ ಇರುವ ಗುತ್ತಿಗೆದಾರನಾಗಿ ನಾನು ನೇರವಾಗಿ ಹೇಳಬೇಕಾದದ್ದು ಇಷ್ಟೇ: ಬೆಸ್ಕಾಂ ವ್ಯಾಪ್ತಿಯಲ್ಲಿ ಬೇಡ ಅಂದರೆ ಹೊಸ ಕನೆಕ್ಷನ್ ಸಿಗುವುದಿಲ್ಲ. 2025ರ ಫೆಬ್ರವರಿ 15ರಿಂದ ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಅದು ಕಡ್ಡಾಯವಾಯಿತು. ಅದಕ್ಕೆ ಹಿನ್ನೆಲೆಯೂ ಇದೆ. 2003ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಮೀಟರ್ ಇಲ್ಲದೆ ಕರೆಂಟ್ ಕೊಡಬಾರದು ಅನ್ನುತ್ತದೆ. ಕೇಂದ್ರದ 2020ರ ಗ್ರಾಹಕ ಹಕ್ಕುಗಳ ನಿಯಮ ಆ ಮೀಟರ್ ಪ್ರಿಪೇಯ್ಡ್ ಆಗಿರಬೇಕು ಅನ್ನುತ್ತದೆ. ಬೇರೆ ರೀತಿ ಮಾಡಬೇಕಾದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಒಪ್ಪಬೇಕು.

ಹೀಗೆ ಹೇಳಿದ ತಕ್ಷಣ ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ. ಆಮೇಲೆ ಬರುವುದು ಒಂದೇ ಮಾತು: ‘ಅದು ಜಾಸ್ತಿ ಓಡುತ್ತಂತೆ.’

ಇದನ್ನು ಅಜ್ಞಾನ ಅಂತ ತಳ್ಳಿಹಾಕುವ ಅಧಿಕಾರಿಗಳನ್ನು ನೋಡಿದ್ದೇನೆ. ಅದು ಸರಿಯಲ್ಲ. ಜನರ ವಿರೋಧಕ್ಕೆ ಗಟ್ಟಿ ಕಾರಣಗಳಿವೆ. ಆದರೆ ಸಿಟ್ಟೆಲ್ಲ ಓಡುವ ಅಂಕಿಯ ಮೇಲೆ ಹೋಗಿ, ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಹಿಂದೆ ಉಳಿಯುತ್ತಿವೆ. ನನಗೆ ಬೇಸರ ಇರುವುದು ಅದಕ್ಕೆ.

ಮೊದಲು ಓಟದ ವಿಷಯವನ್ನೇ ಮುಗಿಸೋಣ. ಮನೆಗೆ ಹಾಕುವ ಸ್ಮಾರ್ಟ್ ಮೀಟರ್ ಐಎಸ್ 16444 ಅನ್ನುವ ಭಾರತೀಯ ಮಾನದಂಡಕ್ಕೆ ತಕ್ಕಂತೆ ಇರಬೇಕು. ನಿಖರತೆ ಕ್ಲಾಸ್ 1, ಅಂದರೆ ಸಾಮಾನ್ಯ ಲೋಡಿನಲ್ಲಿ ನೂರಕ್ಕೆ ಒಂದರಷ್ಟು ಆಚೀಚೆ. ಯೂನಿಟ್ ಎಣಿಸುವ ಕೆಲಸದಲ್ಲಿ ಅದಕ್ಕೂ ಈಗಿನ ಸಾಮಾನ್ಯ ಎಲೆಕ್ಟ್ರಾನಿಕ್ ಮೀಟರಿಗೂ ದೊಡ್ಡ ವ್ಯತ್ಯಾಸ ಇಲ್ಲ. ತಟ್ಟೆ ತಿರುಗುವ ಹಳೇ ಮೀಟರ್ ಇದ್ದ ಮನೆಗಳಲ್ಲಿ ಮಾತ್ರ ಬದಲಾವಣೆ ಎದ್ದು ಕಾಣುತ್ತದೆ. ಬೇರಿಂಗ್ ಸವೆದ ಆ ಮೀಟರ್‌ಗಳಲ್ಲಿ ಸೆಟ್‌ಟಾಪ್ ಬಾಕ್ಸ್, ಚಾರ್ಜರ್, ಸಣ್ಣ ಬಲ್ಬ್‌ಗಳ ಬಳಕೆ ಸರಿಯಾಗಿ ದಾಖಲಾಗುತ್ತಲೇ ಇರಲಿಲ್ಲ.

ಹಾಗಂತ ಮೀಟರ್ ತಪ್ಪುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ಮೀಟರ್‌ಗಳ ಪೈಕಿ ಐದು ಹೆಚ್ಚು ತೋರಿಸಿದ್ದವು. ಅತಿ ಕೆಟ್ಟ ಸಂದರ್ಭದಲ್ಲಿ ಶೇ 582ರಷ್ಟು. ಡಿಮ್ಮರ್ ಹಾಕಿದ ಎಲ್ಇಡಿ ದೀಪಗಳಂಥ ಲೋಡಿನಲ್ಲಿ ಕರೆಂಟಿನ ಅಲೆ ನಯವಾಗಿರದೆ ತುಂಡು ತುಂಡಾಗಿರುತ್ತದೆ. ಅಲ್ಲಿ ಕೆಲವು ಬಗೆಯ ಸೆನ್ಸರ್‌ಗಳು ಎಡವಿದವು. ಅದು ಪ್ರಯೋಗಾಲಯದ ಸ್ಥಿತಿ, ದಿನನಿತ್ಯದ ಮನೆ ಅಲ್ಲ. ಆದರೂ ‘ಮೀಟರ್ ಸರಿ ಇದೆ, ನೀವೇ ಜಾಸ್ತಿ ಬಳಸಿದ್ದೀರಿ’ ಅಂತ ಕೌಂಟರಿನಲ್ಲಿ ಕೂತು ಹೇಳುವ ಮೊದಲು ಪರೀಕ್ಷೆ ಮಾಡಿ ತೋರಿಸಬೇಕು ಅನ್ನುವುದಕ್ಕೆ ಅಷ್ಟು ಸಾಕು.

ನನ್ನ ಕೆಲಸದಲ್ಲಿ ‘ಹೊಸ ಮೀಟರ್ ಜಾಸ್ತಿ ಓಡುತ್ತೆ’ ಅನ್ನುವ ದೂರಿನ ಹಿಂದೆ ಪದೇಪದೇ ಸಿಗುವುದು ಬೇರೆಯೇ ಒಂದು ವಿಷಯ: ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಎರಡು ಆರ್‌ಆರ್ ನಂಬರ್, ಅಂದರೆ ಎರಡು ಬೇರೆ ಕನೆಕ್ಷನ್. ಕರೆಂಟ್ ತರುವ ಫೇಸ್ ವೈರ್ ಬೇರೆ ಬೇರೆ ಎಳೆದಿರುತ್ತಾರೆ. ನ್ಯೂಟ್ರಲ್ ಮಾತ್ರ ಎಲ್ಲೋ ಒಂದು ಜಂಕ್ಷನ್ ಬಾಕ್ಸಿನಲ್ಲಿ ಒಟ್ಟಿಗೆ ಸುತ್ತಿ ಟೇಪ್ ಹಾಕಿರುತ್ತಾರೆ. ಹಳೇ ಮೀಟರ್ ಫೇಸ್ ಒಂದನ್ನೇ ನೋಡುತ್ತಿದ್ದ ಕಾಲದಲ್ಲಿ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಈಗಿನ ಮೀಟರ್ ಕಳ್ಳತನ ತಡೆಯಲು ಫೇಸ್ ಮತ್ತು ನ್ಯೂಟ್ರಲ್ ಎರಡರಲ್ಲೂ ಕರೆಂಟ್ ಅಳೆಯುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಮೇಲಿನವರ ಗೀಸರ್ ಕರೆಂಟ್ ಕೆಳಗಿನವರ ನ್ಯೂಟ್ರಲ್ ಹಿಡಿದು ವಾಪಸ್ ಹೋದರೆ ಕೆಳಗಿನವರ ಮೀಟರೂ ಓಡುತ್ತದೆ. ಒಂದೇ ಗೀಸರ್‌ಗೆ ಎರಡು ಮನೆಯವರು ದುಡ್ಡು ಕಟ್ಟುತ್ತಾರೆ. ಇಂಥ ಮನೆಗಳಿಗೆ ‘ಮೀಟರ್ ಓಕೆ’ ಅಂತ ಬರೆದು ಕೊಟ್ಟು ಹೋಗಿದ್ದನ್ನು ನೋಡಿದ್ದೇನೆ. ಮೀಟರ್ ನಿಜಕ್ಕೂ ಓಕೆ. ಆದರೆ ಆ ಮನೆಯವರಿಗೆ ಅನ್ಯಾಯ ಆಗುತ್ತಿರುವುದೂ ನಿಜ.

ಇದನ್ನು ನೀವೇ ನೋಡಿಕೊಳ್ಳಬಹುದು. ಮೀಟರ್ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ 3200 ಅಥವಾ 1600 ಅಂತ ಬರೆದಿರುತ್ತದೆ. ಒಂದು ಯೂನಿಟ್ ಆಗಲು ದೀಪ ಅಷ್ಟು ಸಲ ಮಿನುಗಬೇಕು ಅಂತ ಅದರ ಅರ್ಥ. ಮೇನ್ ಸ್ವಿಚ್ ಆನ್ ಇರಲಿ. ಮನೆಯೊಳಗಿನ ಎಂಸಿಬಿಗಳನ್ನೆಲ್ಲ (ಟ್ರಿಪ್ ಆಗುವ ಸ್ವಿಚ್‌ಗಳು) ಆಫ್ ಮಾಡಿ. ಮೇಲಿನ ಮನೆಯವರಿಗೆ ಗೀಸರ್ ಹಾಕಲು ಹೇಳಿ. ಈಗ ನಿಮ್ಮ ದೀಪ ಮಿನುಗಬಾರದು. ಮಿನುಗಿದರೆ ಮೇನ್ ಕೂಡ ಆಫ್ ಮಾಡಿ ನೋಡಿ. ಫೇಸ್ ಜೊತೆ ನ್ಯೂಟ್ರಲ್ಲನ್ನೂ ಕಡಿಯುವ ಡಬಲ್ ಪೋಲ್ ಮೇನ್ ಇದ್ದು, ಮಿನುಗುವುದು ನಿಂತಿತು ಅಂದರೆ ನ್ಯೂಟ್ರಲ್ ಬೆರೆತಿರುವುದೇ ಹೆಚ್ಚು ಸಾಧ್ಯ. ಇದು ವೈರಿಂಗ್ ಕೆಲಸ, ಎಲೆಕ್ಟ್ರಿಷಿಯನ್ ಕರೆಸಿ ಬೇರ್ಪಡಿಸಬೇಕು. ಮೇನ್ ಆಫ್ ಆದ ಮೇಲೂ ಮಿನುಗುತ್ತಿದ್ದರೆ ಮೀಟರ್ ಮತ್ತು ಮೇನ್ ನಡುವೆ ಏನೋ ಆಗಿದೆ, ಅಥವಾ ಮೀಟರೇ ಕೆಟ್ಟಿದೆ. ಆಗ 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಇನ್ನೊಂದು ಪರೀಕ್ಷೆ. ಬಕೆಟ್ ನೀರಲ್ಲಿ 1500 ವ್ಯಾಟ್ ರಾಡ್ ಇಟ್ಟು, ಉಳಿದಿದ್ದೆಲ್ಲ ಆಫ್ ಮಾಡಿ, ಒಂದು ನಿಮಿಷ ದೀಪದ ಮಿನುಗು ಎಣಿಸಿ. 3200ರ ಮೀಟರ್ ಆದರೆ ಸುಮಾರು 80 ಬರಬೇಕು, 1600 ಆದರೆ 40. ವೋಲ್ಟೇಜ್ ಇಳಿದಿದ್ದರೆ 70ಕ್ಕೂ ಬರಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. 80 ಬರಬೇಕಾದ ಕಡೆ 110, 120 ಬಂದರೆ ಸುಮ್ನೆ ಕೂರಬೇಡಿ. ಎಣಿಸುವಾಗ ನೀರಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ.

ದೂರು ಕೊಡುವಾಗ ಒಂದು ನಿಯಮ ನೆನಪಿರಲಿ. 2024ರ ಫೆಬ್ರವರಿಯಲ್ಲಿ ಗ್ರಾಹಕ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂತು. ರೀಡಿಂಗ್ ನಿಜವಾದ ಬಳಕೆಗೆ ಹೊಂದುತ್ತಿಲ್ಲ ಅಂತ ನೀವು ದೂರು ಕೊಟ್ಟರೆ, ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಇದನ್ನು ಚೆಕ್ ಮೀಟರ್ ಅನ್ನುತ್ತಾರೆ. ಬಾಯಿಮಾತಲ್ಲಿ ಕೇಳಿದರೆ ಆಗಲ್ಲ. ಬರವಣಿಗೆಯಲ್ಲಿ ಕೊಟ್ಟು ದೂರಿನ ನಂಬರ್ ಪಡೆಯಿರಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ. ಅದಕ್ಕೆ ವಕೀಲರು ಬೇಕಾಗಿಲ್ಲ.

ಬಿಲ್ ಏರಲು ಮೀಟರಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಕೆಇಆರ್‌ಸಿ ಆದೇಶದಂತೆ 2025ರ ಏಪ್ರಿಲ್‌ನಿಂದ ಮನೆಗಳ ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್‌ಗೆ 120 ರೂಪಾಯಿಯಿಂದ 145ಕ್ಕೆ ಹೋಯಿತು. ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದರೂ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಅಂತ ಯೂನಿಟ್‌ಗೆ 36 ಪೈಸೆ ಸೇರಿತು. ಸ್ಮಾರ್ಟ್ ಮೀಟರ್ ನೀವು ಒಂದೇ ಸಲಕ್ಕೆ ಎಳೆದ ಗರಿಷ್ಠ ಲೋಡನ್ನೂ ಬರೆದಿಟ್ಟುಕೊಳ್ಳುತ್ತದೆ. ಒಂದು ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡು ಮೂರು ಕಿಲೋವ್ಯಾಟ್ ಎಳೆಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಂಜೂರಾದ ಲೋಡನ್ನು ಮೂರಕ್ಕೆ ಏರಿಸಿದರೆ, 2025ರ ಆ ದರದಲ್ಲಿ 145 ಕಟ್ಟುತ್ತಿದ್ದ ಜಾಗದಲ್ಲಿ 435 ಕಟ್ಟಬೇಕಾಗುತ್ತದೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಬಿಲ್ ಬಂದ ಮೇಲೆ ಗೊತ್ತಾಗುತ್ತದೆ, ಸಿಟ್ಟು ಮೀಟರ್ ಮೇಲೆ ಹೋಗುತ್ತದೆ. ಅಮೆರಿಕದ ಬೇಕರ್ಸ್‌ಫೀಲ್ಡ್‌ನಲ್ಲಿ 2009ರಲ್ಲಿ ಆದದ್ದೂ ಇದೇ. ಹೊಸ ಮೀಟರ್, ದರ ಏರಿಕೆ, ಸುಡುಬಿಸಿಲು ಮೂರೂ ಒಟ್ಟಿಗೆ ಬಂದವು. ಮರುವರ್ಷ ಬಂದ ಸ್ವತಂತ್ರ ವರದಿ ಮೀಟರ್‌ಗಳು ಸರಿ ಇವೆ ಅಂದಿತು. ಆದರೆ ದೂರುಗಳಿಗೆ ಅಲ್ಲಿನ ವಿದ್ಯುತ್ ಕಂಪನಿ ಸ್ಪಂದಿಸಿದ ರೀತಿ ಸರಿ ಇರಲಿಲ್ಲ ಅಂತಲೂ ಬರೆಯಿತು.

ನಮ್ಮಲ್ಲಿ ಗೃಹಜ್ಯೋತಿ ಇರುವುದರಿಂದ ಭಯ ಇನ್ನೂ ಜಾಸ್ತಿ. 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿ, 200 ಯೂನಿಟ್‌ ಮೀರದಂತೆ ಉಚಿತ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 198ರಲ್ಲಿ ನಿಲ್ಲುತ್ತಿದ್ದ ಮನೆ 203ಕ್ಕೆ ಹೋದರೆ 2025ರ ದರದಲ್ಲಿ ಯೂನಿಟ್ ಶುಲ್ಕವೇ 1,177 ರೂಪಾಯಿ, ಫಿಕ್ಸೆಡ್ ಚಾರ್ಜ್ ಮತ್ತು ತೆರಿಗೆ ಬೇರೆ. ಅಂಥ ಮನೆಗೆ ನೂರಕ್ಕೆ ಎರಡು ಮೂರರ ವ್ಯತ್ಯಾಸವೂ ಸಣ್ಣದಲ್ಲ.

ಈಗ ದುಡ್ಡಿನ ವಿಷಯ. ಬೆಸ್ಕಾಂನಲ್ಲಿ ಹಿಂದೆ ಸುಮಾರು 950 ರೂಪಾಯಿಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರ್ ಜಾಗಕ್ಕೆ 4,998 ರೂಪಾಯಿಯ ಸ್ಮಾರ್ಟ್ ಮೀಟರ್ ಬಂತು. ತ್ರೀ ಫೇಸ್ ಅಂದರೆ ಸುಮಾರು 28 ಸಾವಿರ. ಬೇರೆ ಹಲವು ರಾಜ್ಯಗಳಲ್ಲಿ ವಿದ್ಯುತ್ ವಿತರಣೆ ಸುಧಾರಿಸುವ ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆಯಡಿ ಮೀಟರಿಗೆ 900 ರೂಪಾಯಿವರೆಗೆ ನೆರವು ಇದೆ. ಗುತ್ತಿಗೆ ಪಡೆದ ಕಂಪನಿ ತಾನೇ ಹಣ ಹಾಕಿ ಮೀಟರ್ ಹಾಕುತ್ತದೆ, ವರ್ಷಗಟ್ಟಲೆ ತಿಂಗಳ ಕಂತಿನಲ್ಲಿ ವಿದ್ಯುತ್ ನಿಗಮದಿಂದ ವಸೂಲಿ ಮಾಡುತ್ತದೆ. ಗ್ರಾಹಕ ಮುಂಗಡ ಕೊಡಬೇಕಿಲ್ಲ. ಇಲ್ಲಿ ಒಂದೇ ಕಂತಿನಲ್ಲಿ ಗ್ರಾಹಕನ ಜೇಬಿಗೆ ಕೈ ಹಾಕಿದರು. ವಿಧಾನಸಭೆಯಲ್ಲಿ ಗಲಾಟೆ ಆಯಿತು, ಹೈಕೋರ್ಟಿಗೂ ಹೋಯಿತು. ರಾಜಕೀಯದವರ ಆರೋಪ–ಉತ್ತರ ಏನೇ ಇರಲಿ, 30–40 ಅಡಿಯ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವನ ಪ್ರಶ್ನೆ ನನಗೆ ಸರಿಯಾಗೇ ಕಾಣುತ್ತದೆ: ಮೀಟರ್ ರೀಡರ್ ಖರ್ಚು ಉಳಿಯುವುದು, ಸೋರಿಕೆ ಪತ್ತೆಯಾಗುವುದು, ಬಾಕಿ ವಸೂಲಾಗುವುದು ಎಲ್ಲ ನಿಗಮಕ್ಕೆ ಲಾಭ. ಹಾಗಾದರೆ ಬೆಲೆ ಮಾತ್ರ ನನ್ನದೇಕೆ?

ಇಷ್ಟೆಲ್ಲದಕ್ಕಿಂತ ನನಗೆ ಮುಖ್ಯ ಅನಿಸುವುದು ಮೀಟರ್ ಒಳಗಿರುವ ಸ್ವಿಚ್. ಹೊರಗಿಂದ ಕಾಣುವುದಿಲ್ಲ. ಕಂಟ್ರೋಲ್ ರೂಮಿಂದ ಒಂದು ಆದೇಶ ಬಂದರೆ ಅದು ತೆರೆದುಕೊಳ್ಳುತ್ತದೆ, ಮನೆ ಕತ್ತಲಾಗುತ್ತದೆ. ಹಿಂದೆ ಕರೆಂಟ್ ಕಟ್ ಮಾಡಲು ಲೈನ್‌ಮನ್ ಮನೆ ಬಾಗಿಲಿಗೆ ಬರಬೇಕಿತ್ತು. ‘ಸಂಬಳ ಆಗಿಲ್ಲ ಸಾರ್, ಸೋಮವಾರ ಕಟ್ತೀನಿ’ ಅನ್ನಬಹುದಿತ್ತು. ಒಳಗೆ ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಅವನ ಕಣ್ಣಿಗೆ ಬೀಳುತ್ತಿತ್ತು. ಅವನು ವಾಪಸ್ ಹೋಗುತ್ತಿದ್ದ. ಆ ಎರಡು ದಿನದ ಗಡುವು ಯಾವ ನಿಯಮದಲ್ಲೂ ಇರಲಿಲ್ಲ. ಆದರೆ ಎಷ್ಟೋ ಬಡ ಮನೆಗಳು ಅದರ ಮೇಲೆ ನಡೆದವು. ಪ್ರಿಪೇಯ್ಡ್ ಸ್ಮಾರ್ಟ್ ಮೀಟರಿನಲ್ಲಿ ಅದಕ್ಕೆ ಜಾಗ ಇಲ್ಲ. ಕಾಯ್ದೆಯ 56ನೇ ಸೆಕ್ಷನ್ ಬಾಕಿಗಾಗಿ ಕರೆಂಟ್ ಕಡಿಯುವ ಮೊದಲು ಲಿಖಿತವಾಗಿ ಪೂರ್ತಿ 15 ದಿನದ ನೋಟಿಸ್ ಕೊಡಬೇಕು ಅನ್ನುತ್ತದೆ. ಬ್ಯಾಲೆನ್ಸ್ ಮುಗಿದ ತಕ್ಷಣ ಕತ್ತಲಾಗುವ ವ್ಯವಸ್ಥೆ ಬಂದರೆ ಆ 15 ದಿನ ಎಲ್ಲಿ ಹೋಯಿತು ಅಂತ ನಾವು ಗಟ್ಟಿಯಾಗಿ ಕೇಳಬೇಕು.

ಆ ಸ್ವಿಚ್ ತಪ್ಪಿದರೆ ಏನಾಗುತ್ತದೆ ಅಂತ ಉತ್ತರ ಪ್ರದೇಶದವರು ನೋಡಿದ್ದಾರೆ. 2020ರ ಆಗಸ್ಟ್ 12, ಜನ್ಮಾಷ್ಟಮಿ ದಿನ. ತಪ್ಪು ಆದೇಶವೊಂದು ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಮನೆಗಳ ಕರೆಂಟ್ ಹೋಯಿತು. ಬಾಕಿ ಇಲ್ಲದವರದ್ದೂ ಹೋಯಿತು. ಗುಜರಾತಿನ ವಡೋದರಾದಲ್ಲಿ 2024ರ ಮೇ ತಿಂಗಳಲ್ಲಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ವಿರುದ್ಧ ಜನ ಬೀದಿಗಿಳಿದರು. ಎರಡು ತಿಂಗಳಿಗೊಮ್ಮೆ ಬಿಲ್ ಕಟ್ಟಿ ರೂಢಿಯಾದವರಿಗೆ ದಿನಾ ಕರಗುವ ಬ್ಯಾಲೆನ್ಸ್ ನೋಡಿ ದಿಗಿಲಾಯಿತು. ಕೊನೆಗೆ ಸರ್ಕಾರ ಕೆಲಸ ನಿಲ್ಲಿಸಿ, ಚೆಕ್ ಮೀಟರ್ ಹಾಕಿ ತೋರಿಸುತ್ತೇವೆ ಅನ್ನಬೇಕಾಯಿತು. ಮೊದಲೇ ತೋರಿಸಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ವಿಕಿರಣದ ಬಗ್ಗೆ ಕೇಳುವವರಿಗೆ: ಈ ಮೀಟರ್ ಮಾಹಿತಿ ಕಳಿಸುವುದು ಆಗೊಮ್ಮೆ ಈಗೊಮ್ಮೆ, ಕೆಲವೇ ಕ್ಷಣ. ದಿನವಿಡೀ ಕಿವಿಗೆ ಹಚ್ಚುವ ಮೊಬೈಲ್‌ಗೆ ಹೋಲಿಸಿದರೆ ಅದು ತೀರಾ ಕಡಿಮೆ. ಖಾಸಗಿತನದ ಪ್ರಶ್ನೆ ಮಾತ್ರ ನಿಜವಾದದ್ದು. ಅರ್ಧ ಗಂಟೆಗೊಮ್ಮೆಯ ಲೆಕ್ಕ ನೋಡಿದರೆ ನೀವು ಎಷ್ಟೊತ್ತಿಗೆ ಏಳುತ್ತೀರಿ, ಯಾವ ವಾರ ಊರಲ್ಲಿರಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಇದೇ ಕಾರಣಕ್ಕೆ ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಮೀಟರ್ ಮಸೂದೆ ಒಪ್ಪಲಿಲ್ಲ. ಆಮೇಲೆ ಬೇಡ ಅನ್ನುವ ಹಕ್ಕು ಇಟ್ಟು ಕಾನೂನು ತಂದರು, ಬಹುಪಾಲು ಮನೆಗಳು ತಾವಾಗೇ ಹಾಕಿಸಿಕೊಂಡವು.

ಸ್ಮಾರ್ಟ್ ಮೀಟರಿನಿಂದ ಗ್ರಾಹಕನಿಗೆ ಪ್ರಯೋಜನವೇ ಇಲ್ಲ ಅನ್ನುವುದೂ ತಪ್ಪು. ಬಾಗಿಲು ಹಾಕಿದ್ದಕ್ಕೆ ಸರಾಸರಿ ಬಿಲ್ ಬರೆದು ಹೋಗುವುದು ನಿಲ್ಲುತ್ತದೆ. ಚಾವಣಿ ಮೇಲೆ ಸೋಲಾರ್ ಹಾಕಿದವರಿಗೆ ಒಳಗೆ ಬಂದದ್ದು, ಹೊರಗೆ ಹೋದದ್ದು ಮೊಬೈಲಿನಲ್ಲೇ ಕಾಣುತ್ತದೆ. ಪ್ರಿಪೇಯ್ಡ್ ಒಪ್ಪಿಕೊಂಡವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಅಂತ 47ನೇ ಸೆಕ್ಷನ್ ಹೇಳುತ್ತದೆ. ವರ್ಷ ವರ್ಷ ಹೆಚ್ಚುವರಿ ಠೇವಣಿ ಕಟ್ಟಿ ಬೇಸತ್ತವರು ನಮ್ಮಲ್ಲಿ ಕಡಿಮೆ ಇಲ್ಲ. ಪ್ರಿಪೇಯ್ಡ್‌ಗೆ ಬದಲಾದ ದಿನವೇ ಠೇವಣಿ ಹೊಂದಾಣಿಕೆಗೆ ಅರ್ಜಿ ಕೊಡಿ.

ಮೀಟರ್ ಬದಲಿಸಲು ಬಂದವರನ್ನು ತಡೆದು ಜಗಳ ಆಡಬೇಡಿ. ಸೀಲ್ ಮುಟ್ಟಲಂತೂ ಹೋಗಬೇಡಿ, ಅದು ಕೇಸ್ ಆಗುತ್ತದೆ. ಹಳೇ ಮೀಟರ್ ಇಳಿಸುವ ಮೊದಲು ಅದರ ಕೊನೆಯ ರೀಡಿಂಗ್ ಫೋಟೊ ತೆಗೆಯಿರಿ, ಮೀಟರ್ ನಂಬರ್ ಕಾಣಬೇಕು. ಹೊಸದರ ನಂಬರ್, ಆರಂಭದ ರೀಡಿಂಗ್, ಮಂಜೂರಾದ ಲೋಡ್ ಮೂರೂ ಇರುವ ಚೀಟಿಗೆ ಬಂದವರ ಸಹಿ ಹಾಕಿಸಿ. ಇಬ್ಬರು ಕೂಡಿ ಇರುವ ಕಟ್ಟಡವಾದರೆ ಮಹಡಿಯವರನ್ನೂ ಕೆಳಗೆ ಕರೆದು, ಎಂಸಿಬಿ ಆಫ್ ಮಾಡಿ ಆ ಕೆಂಪು ದೀಪದ ಪರೀಕ್ಷೆಯನ್ನು ಮೀಟರ್ ಹಾಕಲು ಬಂದವರ ಎದುರೇ ಮಾಡಿಸಿ. ಹತ್ತು ನಿಮಿಷದ ಕೆಲಸ. ಅವರು ಹೊರಟುಹೋದ ಮೇಲೆ ಇದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.