ಆಷಾಢದ ಚಿತ್ರದುರ್ಗ: ಗಾಳಿಯಿದೆ, ಮೋಡವಿದೆ, ಮಳೆ ಏಕಿಲ್ಲ?

ಹವಾಮಾನ ಮತ್ತು ವಾಯುಮಂಡಲ ವಿಜ್ಞಾನದ ಮೊದಲ ಹಂತದ ಪಠ್ಯವನ್ನು ಅಂತಿಮ ಪರೀಕ್ಷೆಗೆ ಮುನ್ನ ಮತ್ತೊಮ್ಮೆ ಓದುವವರು ಸಾಮಾನ್ಯವಾಗಿ ಮೊದಲ ಅಧ್ಯಾಯದಿಂದಲೇ ಆರಂಭಿಸುತ್ತಾರೆ. ವಾಯುಮಂಡಲದ ಪದರಗಳು, ಅನಿಲಗಳ ಶೇಕಡಾವಾರು ಪ್ರಮಾಣ, ಮೋಡಗಳ ಹತ್ತು ಬಗೆ ಎಂದು ಪಟ್ಟಿಗಳನ್ನು ಬಾಯಿಪಾಠ ಮಾಡುವಷ್ಟರಲ್ಲಿ ಸಮಯ ತೀರಿಹೋಗುತ್ತದೆ. ಹೆಚ್ಚು ಅಂಕ ತರುವ ಕೊನೆಯ ಅಧ್ಯಾಯಗಳು ಅರ್ಧಕ್ಕೇ ಉಳಿಯುತ್ತವೆ. ದಾವಣಗೆರೆ, ಚಿತ್ರದುರ್ಗದ ಕಡೆಯ ವಿದ್ಯಾರ್ಥಿಗಳು ಇದಕ್ಕೆ ಬದಲಾಗಿ ತಮ್ಮೂರಿನದೇ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ಅದರ ಉತ್ತರಕ್ಕೆ ಬೇಕಾದ ಕ್ರಮದಲ್ಲಿ ಇಡೀ ಪಠ್ಯವನ್ನು ಓದಬಹುದು. ಜೂನ್ ಮತ್ತು ಜುಲೈ ತಿಂಗಳಲ್ಲಿ ಚಿತ್ರದುರ್ಗದ ಮೇಲೆ ಹಗಲೆಲ್ಲ ಮೋಡ ಕವಿದಿರುತ್ತದೆ, ಆಷಾಢದ ಗಾಳಿ ಬಾಗಿಲು ಕಿಟಕಿಗಳನ್ನು ಬಡಿಯುತ್ತದೆ, ಆದರೂ ನೆಲ ಹದವಾಗುವಷ್ಟು ಮಳೆ ಅಪರೂಪ. ಅದೇ ವೇಳೆಯಲ್ಲಿ ನೇರ ದಾರಿಯಲ್ಲಿ ಸುಮಾರು 160 ಕಿ.ಮೀ. ನೈಋತ್ಯಕ್ಕಿರುವ ಆಗುಂಬೆಯಲ್ಲಿ ಮಳೆ ಬಿಡುವುದಿಲ್ಲ. ಆಗುಂಬೆಯ ವಾರ್ಷಿಕ ಸರಾಸರಿ 7000 ಮಿ.ಮೀ. ದಾಟುತ್ತದೆ, ಚಿತ್ರದುರ್ಗದ್ದು 650ರ ಆಸುಪಾಸು, ಚಳ್ಳಕೆರೆಯದು ಅದಕ್ಕಿಂತಲೂ ಕಡಿಮೆ. ಒಂದೇ ಗಾಳಿ ಎರಡೂ ಕಡೆ ಬೀಸುವಾಗ ಇಷ್ಟು ಅಂತರವೇಕೆ?

ಪದರಗಳ ವಿಷಯವನ್ನು ಬೇಗನೆ ಮುಗಿಸಬಹುದು. ಮಳೆಗೆ ಸಂಬಂಧಿಸಿದ್ದೆಲ್ಲ ಬಹುತೇಕ ಅತಿ ಕೆಳಗಿನ ಪದರವಾದ ಪರಿವರ್ತನ ಮಂಡಲದಲ್ಲೇ ನಡೆಯುತ್ತದೆ. ಅದರ ದಪ್ಪ ಧ್ರುವಗಳಲ್ಲಿ ಸುಮಾರು 8 ಕಿ.ಮೀ., ನಮ್ಮಂಥ ಉಷ್ಣವಲಯದಲ್ಲಿ 16ರಿಂದ 18 ಕಿ.ಮೀ. ಒಣ ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಹವಾಮಾನವನ್ನು ಆಡಿಸುವುದು ಮಾತ್ರ ಪಟ್ಟಿಯ ಕೊನೆಯಲ್ಲಿ ಬರುವ ನೀರಾವಿ. ಅದು ಅತಿ ಹೆಚ್ಚೆಂದರೆ ಶೇ. 4ರಷ್ಟಿರುತ್ತದೆ.

ಸೌರಶಕ್ತಿಯ ಅಧ್ಯಾಯಕ್ಕೆ ಬಂದಾಗ ಒಂದು ಸಂಗತಿಯನ್ನು ಗಮನಿಸಬೇಕು. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ. ಆ ಎರಡೂ ದಿನ ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಕಿರಣಗಳ ಕೋನವೊಂದೇ ಉಷ್ಣಾಂಶವನ್ನು ನಿರ್ಧರಿಸುವುದಾದರೆ ಎರಡೂ ಕಾಲ ಒಂದೇ ಬಿಸಿಯಾಗಿರಬೇಕಿತ್ತು. ವಾಸ್ತವದಲ್ಲಿ ಏಪ್ರಿಲ್‌ನ ಸರಾಸರಿ ಗರಿಷ್ಠ ಉಷ್ಣಾಂಶ 36 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಆಗಸ್ಟ್‌ನದು 28ರ ಹತ್ತಿರ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಬಿಸಿಲಿನ ದೊಡ್ಡ ಪಾಲನ್ನು ಮೋಡ ಹಿಂದಕ್ಕೆ ಚೆಲ್ಲುತ್ತದೆ. ನೆಲ ತಲುಪಿದ ಶಕ್ತಿಯಲ್ಲೂ ಒಂದು ಭಾಗ ತೇವವನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕು. ಈ ಗುಪ್ತೋಷ್ಣ ಎಲ್ಲಿಯೂ ಕಳೆದುಹೋಗುವುದಿಲ್ಲ, ಆವಿ ಮತ್ತೆ ಹನಿಯಾಗುವ ಜಾಗದಲ್ಲಿ ಹೊರಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪಠ್ಯ ಸಲೀಸಾಗುತ್ತದೆ.

ಮುಂದಿನದು ಒತ್ತಡ. ಸಮುದ್ರ ಮಟ್ಟದಲ್ಲಿ ಗಾಳಿಯ ಸರಾಸರಿ ಒತ್ತಡ 1013.25 ಹೆಕ್ಟೋಪ್ಯಾಸ್ಕಲ್ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಸುಮಾರು 730 ಮೀಟರ್ ಎತ್ತರದ ಚಿತ್ರದುರ್ಗದಲ್ಲಿ ವಾಯುಭಾರಮಾಪಕ ತೋರಿಸುವುದು 930ರ ಆಸುಪಾಸಿನ ಅಂಕಿ. ತುಸು ತಗ್ಗಿನಲ್ಲಿರುವ ದಾವಣಗೆರೆಯಲ್ಲಿ ಅದು ಸ್ವಲ್ಪ ಹೆಚ್ಚು. ಇಷ್ಟರಿಂದ ಚಿತ್ರದುರ್ಗದ ಮೇಲೆ ಸದಾ ವಾಯುಭಾರ ಕುಸಿತವಿದೆ ಎಂದು ಯಾರೂ ಹೇಳುವುದಿಲ್ಲ. ಹವಾಮಾನ ನಕ್ಷೆಯಲ್ಲಿ ಒಂದೇ ಒತ್ತಡದ ಊರುಗಳನ್ನು ಜೋಡಿಸುವ ಸಮಭಾರ ರೇಖೆ ಎಳೆಯುವ ಮುನ್ನ ಪ್ರತಿ ಊರಿನ ಅಂಕಿಯನ್ನೂ ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಹೀಗೆ ಇಳಿಸಿದ ಮೇಲೂ ಉಳಿಯುವ ಕೆಲವೇ ಹೆಕ್ಟೋಪ್ಯಾಸ್ಕಲ್‌ಗಳ ವ್ಯತ್ಯಾಸ ಗಾಳಿಯನ್ನು ಓಡಿಸುತ್ತದೆ. ಪರೀಕ್ಷೆಯ ದೃಷ್ಟಿಯಿಂದ ಈ ತಿದ್ದುಪಡಿಗೆ ಪಠ್ಯಗಳು ಕೊಡುವ ಜಾಗ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಒತ್ತಡದ ಇಳಿಜಾರಿನಲ್ಲಿ ಹೊರಟ ಗಾಳಿಯನ್ನು ಭೂಮಿಯ ಆವರ್ತನೆ ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ ಬಾಗಿಸುತ್ತದೆ. ಈ ಕೊರಿಯೋಲಿಸ್ ಪರಿಣಾಮ ಸಮಭಾಜಕ ವೃತ್ತದಲ್ಲಿ ಸೊನ್ನೆ. ನಮ್ಮ ಅಕ್ಷಾಂಶದಲ್ಲಿ ಧ್ರುವದಲ್ಲಿರುವುದರ ಕಾಲು ಭಾಗ. ದಕ್ಷಿಣ ಹಿಂದೂ ಮಹಾಸಾಗರದಿಂದ ಆಗ್ನೇಯ ಮಾರುತವಾಗಿ ಹೊರಟ ಗಾಳಿ ಸಮಭಾಜಕವನ್ನು ದಾಟಿದ ಮೇಲೆ ಬಲಕ್ಕೆ ತಿರುಗಿ ನೈಋತ್ಯ ಮಾರುತವಾಗುತ್ತದೆ. ಕರ್ನಾಟಕದ ಒಳನಾಡಿಗೆ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಪಡುವಣ ಗಾಳಿಯೇ ಆಗಿರುತ್ತದೆ. ಇದರ ಅತಿ ವೇಗದ ಹರಿವು ಸಮುದ್ರ ಮಟ್ಟದಿಂದ ಒಂದೂವರೆ ಕಿಲೋಮೀಟರ್ ಎತ್ತರದ ಸುಮಾರಿನಲ್ಲಿದೆ. ನೆಲದ ಘರ್ಷಣೆಯಿಂದ ದೂರವಿದ್ದು ಈ ಹರಿವಿಗೆ ಹತ್ತಿರವಾದ ಬೆಟ್ಟದ ಸಾಲುಗಳಲ್ಲಿ ಗಾಳಿ ಬಲವಾಗಿರುತ್ತದೆ, ಆದ್ದರಿಂದಲೇ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಅಂದಹಾಗೆ, ದೇಶದಲ್ಲಿ ಗಾಳಿ ಮತ್ತು ಬಿಸಿಲಿನ ಶಕ್ತಿಯನ್ನು ವ್ಯವಸ್ಥಿತವಾಗಿ ಅಳೆಯುವ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಉಪಕರಣಗಳ ಅಧ್ಯಾಯ ಓದುವಾಗ ನೆನೆಯಬೇಕಾದ ಹೆಸರು ಅದು.

ಗಾಳಿ ಸಿಕ್ಕಿತು; ಇನ್ನು ನೀರು. ಸಾಪೇಕ್ಷ ಆರ್ದ್ರತೆಯನ್ನು ಗಾಳಿಯಲ್ಲಿರುವ ನೀರಿನ ಪ್ರಮಾಣವೆಂದೇ ತಿಳಿಯುವುದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು. ಅದು ಆ ಉಷ್ಣಾಂಶದಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬುದರ ಅಳತೆ. ಏಪ್ರಿಲ್‌ನ ಒಂದು ದಿನ ಇಬ್ಬನಿ ಬಿಂದು (ಗಾಳಿ ತಣಿಯುತ್ತಾ ಹೋದಾಗ ಆವಿ ಹನಿಗಟ್ಟಲಾರಂಭಿಸುವ ಉಷ್ಣಾಂಶ) ಬೆಳಗಿನಿಂದ ಸಂಜೆಯವರೆಗೆ 16 ಡಿಗ್ರಿಯಲ್ಲೇ ಇದೆ ಎಂದುಕೊಳ್ಳೋಣ. ಬೆಳಗಿನ 22 ಡಿಗ್ರಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇ. 69ರಷ್ಟಿರುತ್ತದೆ, ಮಧ್ಯಾಹ್ನದ 36 ಡಿಗ್ರಿಯಲ್ಲಿ ಶೇ. 31ಕ್ಕೆ ಇಳಿಯುತ್ತದೆ. ಆವಿ ಕಡಿಮೆಯಾಗಿಲ್ಲ, ಬಿಸಿಯಿಂದ ಅದರ ಗರಿಷ್ಠ ಮಿತಿ ಹೆಚ್ಚಿದೆ, ಅಷ್ಟೇ. ಇಬ್ಬನಿ ಬಿಂದುವಿನಿಂದ ಇನ್ನೊಂದು ಉಪಯೋಗವೂ ಇದೆ. ಗಾಳಿಯ ಉಷ್ಣಾಂಶದಿಂದ ಅದನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿ ಮೂಡೀತು ಎಂಬ ಅಂದಾಜು ದೊರೆಯುತ್ತದೆ. ಏಪ್ರಿಲ್‌ನ ಆ ಮಧ್ಯಾಹ್ನ ಅದು 2500 ಮೀಟರ್. ಅಷ್ಟು ಎತ್ತರದಿಂದ ಬೀಳುವ ಹನಿಗಳಲ್ಲಿ ಹಲವು ಒಣ ಗಾಳಿಯಲ್ಲೇ ಆವಿಯಾಗುತ್ತವೆ. ಹಾಗೆ ತಣಿದು ಭಾರವಾದ ಗಾಳಿ ಕೆಳಗೆ ನುಗ್ಗಿ ಮಳೆಗೆ ಮೊದಲೇ ಧೂಳೆಬ್ಬಿಸುತ್ತದೆ. ಜುಲೈನ ಬೆಳಗ್ಗೆ ಉಷ್ಣಾಂಶ 23, ಇಬ್ಬನಿ ಬಿಂದು 21 ಆಗಿದ್ದರೆ ಮೋಡದ ತಳ ಕೇವಲ 250 ಮೀಟರ್ ಎತ್ತರದಲ್ಲಿರುತ್ತದೆ. ಜೋಗಿಮಟ್ಟಿಯ ನೆತ್ತಿ ಊರಿಗಿಂತ ಸುಮಾರು 590 ಮೀಟರ್ ಮೇಲಿರುವುದರಿಂದ ಆ ಬೆಳಗುಗಳಲ್ಲಿ ಅಲ್ಲಿಗೆ ಹೋದವರು ಮಂಜು ಎಂದು ಕರೆಯುವುದು ಈ ಮೋಡವನ್ನೇ.

ಹಾಗಾದರೆ ಜುಲೈನ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಪಠ್ಯದ ವಿವರಣೆ ಇಲ್ಲಿ ಮುಗ್ಗರಿಸುತ್ತದೆ. ಮಳೆ ನೆರಳಿನ ಪ್ರದೇಶ ಎಂಬ ಶೀರ್ಷಿಕೆಯ ಚಿತ್ರದಲ್ಲಿ ಪರ್ವತ ಗುಡಾರದ ಆಕಾರದಲ್ಲಿರುತ್ತದೆ: ಗಾಳಿ ಒಂದು ಬದಿಯಲ್ಲಿ ಏರಿ ಮಳೆ ಸುರಿಸಿ, ಇನ್ನೊಂದು ಬದಿಯಲ್ಲಿ ಮತ್ತೆ ಸಮುದ್ರ ಮಟ್ಟಕ್ಕೆ ಇಳಿದು, ಬಿಸಿಯಾಗಿ ಒಣಗುತ್ತದೆ. ನಮ್ಮ ಪಶ್ಚಿಮ ಘಟ್ಟ ಗುಡಾರವಲ್ಲ, ಮೆಟ್ಟಿಲು. ಪಶ್ಚಿಮಕ್ಕೆ ಕಡಿದಾದ ಗೋಡೆ, ಪೂರ್ವಕ್ಕೆ 600–700 ಮೀಟರ್ ಎತ್ತರದ ಪ್ರಸ್ಥಭೂಮಿ.

ಲೆಕ್ಕ ಹಾಕಿ ನೋಡಬಹುದು. ಕರಾವಳಿಯಲ್ಲಿ ಗಾಳಿಯ ಉಷ್ಣಾಂಶ 28, ಇಬ್ಬನಿ ಬಿಂದು 25 ಎಂದಿರಲಿ. ಮೇಲೇರುವ ಗಾಳಿ ಕಡಿಮೆ ಒತ್ತಡದಲ್ಲಿ ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ತನ್ನದೇ ಶಾಖವನ್ನು ವ್ಯಯಿಸಿ ತಣಿಯುತ್ತದೆ. ಹೊರಗಿನಿಂದ ಶಾಖ ಬರದ, ಹೋಗದ ಈ ಅಡಿಯಾಬ್ಯಾಟಿಕ್ ಬದಲಾವಣೆಯಲ್ಲಿ ಒಣ ಗಾಳಿ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಸುಮಾರು 375 ಮೀಟರ್‌ನಲ್ಲಿ ಮೋಡ ಕಟ್ಟಲಾರಂಭಿಸುತ್ತದೆ, ಅಲ್ಲಿಂದ ಮೇಲೆ ಗುಪ್ತೋಷ್ಣ ಹೊರಬೀಳುವುದರಿಂದ ತಣಿಯುವ ದರ ಕಿಲೋಮೀಟರಿಗೆ 4 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಸಾವಿರ ಮೀಟರ್ ತಲುಪಿದಾಗ ಉಷ್ಣಾಂಶ 21.8 ಡಿಗ್ರಿ. ಹನಿಗಟ್ಟಿದ್ದೆಲ್ಲ ಅಲ್ಲೇ ಮಳೆಯಾಗಿ ಸುರಿದುಹೋಯಿತು ಎಂದಿಟ್ಟುಕೊಂಡರೆ, ಈ ಗಾಳಿ ಸಮುದ್ರ ಮಟ್ಟಕ್ಕೆ ಇಳಿದಿದ್ದರೆ 31.6 ಡಿಗ್ರಿಗೆ ಕಾಯ್ದು, ಅದರ ಸಾಪೇಕ್ಷ ಆರ್ದ್ರತೆ ಶೇ. 63ರ ಸುಮಾರಿಗೆ ಕುಸಿಯುತ್ತಿತ್ತು. ಚಿತ್ರದುರ್ಗಕ್ಕೆ ಬರಲು ಅದು ಇಳಿಯಬೇಕಾದದ್ದು ಮುನ್ನೂರು ಮೀಟರ್ ಮಾತ್ರ. ಇಲ್ಲಿ ಅದರ ಉಷ್ಣಾಂಶ 25ಕ್ಕೆ ತುಸು ಕಡಿಮೆ, ಆರ್ದ್ರತೆ ಇನ್ನೂ ಶೇ. 85ರ ಆಸುಪಾಸು. ಪ್ರತಿ ಕಿಲೋಗ್ರಾಂ ಗಾಳಿಯ 20 ಗ್ರಾಂ ಆವಿಯಲ್ಲಿ ಘಟ್ಟ ಕಸಿದುಕೊಂಡದ್ದು ಒಂದೂವರೆ ಗ್ರಾಂನಷ್ಟು. ವಾಸ್ತವದಲ್ಲಿ ಗಾಳಿಯ ಒಂದು ಭಾಗ ಘಟ್ಟದ ಅಂಚನ್ನು ಮೀರಿ ಬಹಳ ಮೇಲಕ್ಕೆ ಏರುವುದರಿಂದ ನಷ್ಟ ಇದಕ್ಕಿಂತ ಹೆಚ್ಚಿರುತ್ತದೆ, ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಎಂದರೆ ಆಷಾಢದ ಚಿತ್ರದುರ್ಗಕ್ಕೆ ಮುಖ್ಯವಾಗಿ ಇಲ್ಲದಿರುವುದು ನೀರಲ್ಲ, ಏರಿಕೆ. ಆಗುಂಬೆಯಲ್ಲಿ ಗೋಡೆಯಂಥ ಘಟ್ಟ ಗಾಳಿಯನ್ನು ಬಲವಂತವಾಗಿ ಎತ್ತುತ್ತದೆ. ಬಯಲುಸೀಮೆಯಲ್ಲಿ ಅಂಥ ಗೋಡೆಯಿಲ್ಲ. ಮೋಡದ ಹೊದಿಕೆಯಿಂದ ನೆಲ ಸಾಕಷ್ಟು ಕಾಯುವುದಿಲ್ಲವಾದ್ದರಿಂದ ಗಾಳಿ ತಾನಾಗಿಯೂ ಏರುವುದಿಲ್ಲ. ಅಲ್ಪಸ್ವಲ್ಪ ಏರಿದ ಮೋಡಕ್ಕೂ ಮೇಲೆ ತೊಡಕಿದೆ. ಕೆಳಗೆ ಪಡುವಣ ಗಾಳಿ ಜೋರಾಗಿರುವ ಇದೇ ತಿಂಗಳುಗಳಲ್ಲಿ ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ತದ್ವಿರುದ್ಧವಾಗಿ ಮೂಡಣದಿಂದ ರಭಸದ ವಾಯುಪ್ರವಾಹ ಹರಿಯುತ್ತದೆ. 1950ರ ದಶಕದಲ್ಲಿ ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ವಿವರಿಸಿದ ಉಷ್ಣವಲಯದ ಪೂರ್ವ ಜೆಟ್ ಪ್ರವಾಹ ಅದು. ಅದರ ತಿರುಳು ದಕ್ಷಿಣ ಭಾರತದ ಮೇಲೆಯೇ ಹಾಯುತ್ತದೆ. ಅಡಿಯಲ್ಲಿ ಒಂದು ದಿಕ್ಕು, ತುದಿಯಲ್ಲಿ ಎದುರು ದಿಕ್ಕು ಇರುವಾಗ ಮೋಡ ನೆಟ್ಟಗೆ ಗೋಪುರವಾಗಿ ಬೆಳೆಯುವುದು ಕಷ್ಟ. ತಗ್ಗಿನ, ಹರಡಿದ ಮೋಡಗಳಿಂದ ಜಿನುಗು ಮಳೆಯಷ್ಟೇ ಉದುರುತ್ತದೆ.

ಉತ್ತರ ಸರಿಯೋ ಎಂದು ಪರೀಕ್ಷಿಸಲು ಉಳಿದ ತಿಂಗಳುಗಳನ್ನು ನೋಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಆವಿ ಜುಲೈಗಿಂತ ಕಡಿಮೆ, ಆದರೆ ಕಾದ ನೆಲ ಗಾಳಿಯನ್ನು ಮೇಲೆಸೆಯುತ್ತದೆ. ಮಧ್ಯಾಹ್ನ ಮೂಡಿದ ರಾಶಿಮೋಡ ಸಂಜೆಯೊಳಗೆ ಹತ್ತು ಹನ್ನೆರಡು ಕಿಲೋಮೀಟರ್ ಬೆಳೆದು ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು ತರುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪಡುವಣ ಗಾಳಿ ಸಡಿಲವಾಗುತ್ತದೆ, ಬಿಸಿಲು ಮರಳುತ್ತದೆ, ಮುಂಗಾರು ತುಂಬಿದ ತೇವ ಇನ್ನೂ ಉಳಿದಿರುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಜೊತೆಗೂಡುತ್ತವೆ. ಆಗುಂಬೆಯ ಮಳೆ ಜುಲೈನಲ್ಲಿ ತುದಿ ಮುಟ್ಟಿದರೆ ಚಿತ್ರದುರ್ಗದ್ದು ಈ ಎರಡು ತಿಂಗಳಲ್ಲಿ ಮುಟ್ಟುವುದು ಇದೇ ಕಾರಣಕ್ಕೆ; ಉತ್ತರೆ, ಹಸ್ತಾ, ಚಿತ್ತಾ ಮಳೆಗಳನ್ನು ಇಲ್ಲಿನ ರೈತರು ಕಾದು ಕುಳಿತುಕೊಳ್ಳುವುದೂ ಹಾಗೆಯೇ. ಆರೋಹಣ ಮಳೆ (ಬೆಟ್ಟ ಎತ್ತಿದ್ದು), ಪರಿಸರಣ ಮಳೆ (ಕಾದ ನೆಲ ಎತ್ತಿದ್ದು), ಆವರ್ತ ಮಳೆ (ವಾಯುಭಾರ ಕುಸಿತ ಎತ್ತಿದ್ದು) ಎಂದು ಪಠ್ಯ ಬೇರೆಬೇರೆಯಾಗಿ ಹೇಳುವ ಮೂರು ಬಗೆಗಳು ಗಾಳಿಯನ್ನು ಎತ್ತುವ ಮೂರು ಉಪಾಯಗಳು ಮಾತ್ರ.

ಕೊನೆಯದಾಗಿ ಬೈಸ್ ಬ್ಯಾಲಟ್ ನಿಯಮವನ್ನು ಬಯಲಿನಲ್ಲಿ ನಿಂತು ಅಭ್ಯಾಸ ಮಾಡಬಹುದು. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಪ್ರದೇಶ ಎಡಗೈ ಕಡೆ ಇರುತ್ತದೆ. ಗಾಳಿಯಂತ್ರದ ರೆಕ್ಕೆಗಳು ಗಾಳಿ ಬರುವ ದಿಕ್ಕಿಗೆ ಮುಖ ಮಾಡುವುದರಿಂದ ದಿಕ್ಕು ಗುರುತಿಸಲು ಬೇರೆ ಉಪಕರಣ ಬೇಡ. ಜುಲೈನಲ್ಲಿ ಅವು ಪಶ್ಚಿಮವನ್ನು ನೋಡುತ್ತಿರುತ್ತವೆ. ಪೂರ್ವಕ್ಕೆ ಮುಖ ಮಾಡಿ ನಿಂತವರ ಎಡಕ್ಕೆ ಉತ್ತರ ಭಾರತದ ಮುಂಗಾರು ದ್ರೋಣಿ, ಅಂದರೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿ, ಸಿಗುತ್ತದೆ. ನವೆಂಬರ್‌ನಲ್ಲಿ ಅವು ಈಶಾನ್ಯಕ್ಕೆ ತಿರುಗಿದ್ದರೆ, ನೈಋತ್ಯಕ್ಕೆ ಮುಖ ಮಾಡಿದವರ ಎಡಕ್ಕೆ ಇರುವುದು ಆಗ್ನೇಯ ದಿಕ್ಕು, ಅಂದರೆ ತಮಿಳುನಾಡಿನ ಕರಾವಳಿಯಾಚೆಯ ಬಂಗಾಳ ಕೊಲ್ಲಿ.