ಇನ್ನೆಷ್ಟು ದಿನ, ಡಾಕ್ಟ್ರೇ?

ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ಓಪಿಡಿಯಲ್ಲಿ ಈ ಪ್ರಶ್ನೆ ರೋಗಿಯ ಮುಂದೆ ಬರುವುದು ಕಡಿಮೆ. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಾತ್ರೆ ಚೀಟಿ ಕೇಳುವ ನೆಪದಲ್ಲಿ ಮಗನೋ ಅಳಿಯನೋ ಒಬ್ಬರೇ ಮತ್ತೆ ಒಳಗೆ ಬರುತ್ತಾರೆ. "ನಿಜ ಹೇಳ್ಬಿಡಿ ಡಾಕ್ಟ್ರೇ, ಇನ್ನೆಷ್ಟು ದಿನ?"

ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ದುಬೈನಲ್ಲಿರುವ ತಮ್ಮನಿಗೆ ಈಗಲೇ ಟಿಕೆಟ್ ಮಾಡಿಸು ಅನ್ನಬೇಕಾ? ಮಾಘಕ್ಕೆ ಇಟ್ಟುಕೊಂಡ ಮದುವೆಯನ್ನು ಕಾರ್ತಿಕಕ್ಕೆ ತಂದುಕೊಳ್ಳಬೇಕಾ? ಇನ್ನೊಂದು ಸುತ್ತು ಕೀಮೋಗೆ ಒಡವೆ ಅಡ ಇಡುವುದಾ, ಬೇಡವಾ? ಅದಕ್ಕೇ ನಾನು ಮೊದಲು, "ಈಗ ಯಾವ ವಿಷಯ ತೀರ್ಮಾನ ಆಗಬೇಕಿದೆ?" ಎಂದು ಕೇಳುತ್ತೇನೆ. ಟಿಕೆಟ್ ಮಾಡಿಸಲು ತಾರೀಖು ಗೊತ್ತಾಗಬೇಕಿಲ್ಲ. ಉಳಿದಿರುವುದು ತಿಂಗಳುಗಳಾ, ವಾರಗಳಾ, ದಿನಗಳಾ ಅನ್ನುವುದು ಗೊತ್ತಾದರೆ ಸಾಕು. ಅಷ್ಟನ್ನು ನಾವು ಸಾಮಾನ್ಯವಾಗಿ ಹೇಳಬಲ್ಲೆವು.

"ಮೂರು ತಿಂಗಳು" ಎಂಬ ಒಂಟಿ ಅಂಕಿಯನ್ನು ಮಾತ್ರ ನಂಬಬೇಡಿ. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಈಗಲೂ ಚರ್ಚೆಗೆ ಬರುತ್ತದೆ. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲ್ಯಾಮಾಂಟ್ ಅವರು ಅಮೆರಿಕದ ಚಿಕಾಗೋದಲ್ಲಿ ಹಾಸ್ಪಿಸ್ (ಕೊನೆಗಾಲದ) ಆರೈಕೆಗೆ ಸೇರಿದ 468 ರೋಗಿಗಳ ಬಗ್ಗೆ 343 ವೈದ್ಯರ ಅಂದಾಜು ಕೇಳಿದರು. ನಿಜಕ್ಕೆ ಹತ್ತಿರ ಬಂದದ್ದು ಶೇ. 20 ಅಂದಾಜುಗಳು ಮಾತ್ರ. ಶೇ. 63ರಷ್ಟು ಅಂದಾಜುಗಳಲ್ಲಿ ವೈದ್ಯರು ಜಾಸ್ತಿ ಹೇಳಿದ್ದರು. ಒಟ್ಟಾರೆ ನೋಡಿದರೆ ನಿಜವಾಗಿ ಬದುಕಿದ್ದಕ್ಕಿಂತ 5.3 ಪಟ್ಟು ಹೆಚ್ಚು! ರೋಗಿಯ ಒಡನಾಟ ಹಳೆಯದಾದಷ್ಟೂ ಅಂದಾಜು ಇನ್ನೂ ತಪ್ಪುತ್ತಿತ್ತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ವರ್ಷಗಟ್ಟಲೆ ನೋಡಿಕೊಂಡವರ ಬಗ್ಗೆ ಯಾವ ವೈದ್ಯರಿಗೂ ಆಸೆ ಇರುತ್ತದೆ ಅಲ್ವಾ? ಹಾಗಾಗಿ ದೊಡ್ಡ ತೀರ್ಮಾನವೇನಾದರೂ ಇದ್ದರೆ ರೋಗಿಯನ್ನು ಹೊಸದಾಗಿ ನೋಡುವ ಇನ್ನೊಬ್ಬ ವೈದ್ಯರನ್ನೂ ಕೇಳಿ. ವಾರ್ಡಿನ ಹಿರಿಯ ನರ್ಸ್ ಏನನ್ನುತ್ತಾರೆ ಕೇಳಿಸಿಕೊಳ್ಳಿ. ದಿನವಿಡೀ ಹತ್ತಿರ ಇರುವವರು ಅವರೇ.

ಸರಾಸರಿಯ ಮಾತನ್ನೂ ಬಿಡಿಸಿ ಹೇಳಬೇಕು. "ಇಂಥ ಕ್ಯಾನ್ಸರ್‌ಗೆ 12 ತಿಂಗಳು" ಎಂದು ವೈದ್ಯರು ಹೇಳಿದರೆ ಅದು ಸಾಮಾನ್ಯವಾಗಿ ಮೀಡಿಯನ್. ಅಂದರೆ ಇಂಥ 100 ಜನರಲ್ಲಿ 50 ಜನ ಅಷ್ಟರೊಳಗೆ ತೀರಿಕೊಳ್ಳುತ್ತಾರೆ, ಇನ್ನು 50 ಜನ ಅದನ್ನು ದಾಟುತ್ತಾರೆ. ಹೆಚ್ಚಿನವರು ಸರಿಯಾಗಿ 12ನೇ ತಿಂಗಳಿಗೆ ಹೋಗುತ್ತಾರೆ ಎಂದು ಇದರ ಅರ್ಥವಲ್ಲ. ಮುಂದುವರಿದ ಕ್ಯಾನ್ಸರ್‌ನಲ್ಲಿ ಈ ಒಂದು ಅಂಕಿಯನ್ನು ಹರವಾಗಿ ಬಿಡಿಸುವ ವಿಧಾನವನ್ನು ಆಸ್ಟ್ರೇಲಿಯಾದ ಮಾರ್ಟಿನ್ ಸ್ಟಾಕ್ಲರ್ ಮತ್ತು ಸಂಗಡಿಗರು ಕೊಟ್ಟಿದ್ದಾರೆ. ಸುಮಾರು ಅರ್ಧದಷ್ಟು ಜನ ಮೀಡಿಯನ್‌ನ ಅರ್ಧದಿಂದ ಎರಡು ಪಟ್ಟಿನ ನಡುವೆ ಬದುಕುತ್ತಾರೆ, ಇಲ್ಲಿ 6 ತಿಂಗಳಿಂದ 2 ವರ್ಷ. ಸುಮಾರು ಹತ್ತರಲ್ಲಿ ಒಬ್ಬರು ಮೂರು ತಿಂಗಳೊಳಗೇ ಹೋಗುತ್ತಾರೆ. ಹತ್ತರಲ್ಲಿ ಇನ್ನೊಬ್ಬರು ಮೂರು ವರ್ಷ ದಾಟುತ್ತಾರೆ. ಮನೆಯವರಿಗೆ ನಾನು ಹೇಳುವುದು ಹೀಗೇ: ತೀರಾ ಕೆಟ್ಟರೆ ಇಷ್ಟು, ಸಾಮಾನ್ಯವಾಗಿ ಇಷ್ಟು, ತುಂಬಾ ಚೆನ್ನಾಗಿ ಹೋದರೆ ಇಷ್ಟು. ಕೆಟ್ಟದ್ದಕ್ಕೆ ಬ್ಯಾಂಕಿನ ಕಾಗದ ಪತ್ರ ಸರಿ ಮಾಡಿಟ್ಟುಕೊಳ್ಳಿ, ಒಳ್ಳೆಯದಕ್ಕೆ ಆಸೆ ಇಟ್ಟುಕೊಳ್ಳಿ.

ಆ ಕೊನೆಯ ಗುಂಪು ಕಟ್ಟುಕಥೆಯಲ್ಲ. ಹಾರ್ವರ್ಡ್‌ನ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪದರದ ಕ್ಯಾನ್ಸರ್ ಆದ ಮೀಸೋಥೀಲಿಯೋಮಾ ಎಂದು ಗೊತ್ತಾಯಿತು. ಆ ಕಾಯಿಲೆಗೆ ಆಗ ಇದ್ದ ಮೀಡಿಯನ್ 8 ತಿಂಗಳು. ಅವರು 20 ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೆ ಅವರಿಗೆ ಆಗ ಬರೀ 40 ವರ್ಷ, ಚಿಕಿತ್ಸೆಯೂ ಒಳ್ಳೆಯದೇ ಸಿಕ್ಕಿತ್ತು. ನಿಮ್ಮ ಮನೆಯವರು ಹರವಿನಲ್ಲಿ ಎಲ್ಲಿ ನಿಲ್ಲುತ್ತಾರೆ ಎಂದು ನೋಡುವುದೇ ನಮ್ಮ ಕೆಲಸ.

ಅದನ್ನು ನಾವು ನೋಡುವುದು ಸ್ಕ್ಯಾನ್‌ಗಿಂತ ಜಾಸ್ತಿ ಮನೆಯೊಳಗಿನ ಸುದ್ದಿಯಲ್ಲಿ. ಸ್ನಾನ ಯಾರು ಮಾಡಿಸುತ್ತಾರೆ? ಹಗಲಿನಲ್ಲಿ ಎಷ್ಟು ಹೊತ್ತು ಮಲಗಿರುತ್ತಾರೆ? ಒಂದು ಮುದ್ದೆ ತಿನ್ನುತ್ತಿದ್ದವರು ಈಗ ಎಷ್ಟು ತಿನ್ನುತ್ತಾರೆ? ಬಳೆ ಕೈಯಿಂದ ಜಾರುತ್ತಿದೆಯಾ? ಇದನ್ನೆಲ್ಲ ಅಂಕಕ್ಕೆ ಇಳಿಸಲು ಪಿಪಿಎಸ್ (ಪ್ಯಾಲಿಯೇಟಿವ್ ಪರ್ಫಾರ್ಮೆನ್ಸ್ ಸ್ಕೇಲ್) ಎಂಬ ಮಾಪಕ ಇದೆ. 1996ರಲ್ಲಿ ಕೆನಡಾದ ವಿಕ್ಟೋರಿಯಾ ಹಾಸ್ಪಿಸ್‌ನವರು ಕೊಟ್ಟದ್ದು. ಆರೋಗ್ಯವಂತರಿಗೆ 100. ದಿನದ ಹೆಚ್ಚು ಹೊತ್ತು ಕೂತೇ ಅಥವಾ ಮಲಗೇ ಇರುವವರಿಗೆ 50. ಪೂರ್ತಿ ಹಾಸಿಗೆ ಹಿಡಿದರೆ 30. ಗುಟುಕು ನೀರಷ್ಟೇ ಇಳಿಯುತ್ತಿದ್ದರೆ 20.

ಅಂಕಕ್ಕಿಂತ ಅದು ಇಳಿಯುವ ವೇಗ ಮುಖ್ಯ. ಮಲೆನಾಡಿನ ಅಡಿಕೆ ಕೃಷಿಕರೊಬ್ಬರ ಸೊಸೆ ನನಗೆ ಕೊಟ್ಟ ವರದಿ ಯಾವ ಲ್ಯಾಬ್ ರಿಪೋರ್ಟಿಗೂ ಕಡಿಮೆ ಇರಲಿಲ್ಲ. "ಹೋದ ತಿಂಗಳು ಮಾವ ಕೊಟ್ಟಿಗೆವರೆಗೆ ಹೋಗಿ ಬರ್ತಿದ್ರು. ಹೋದ ವಾರ ಗೋಡೆ ಹಿಡ್ಕೊಂಡು ಬಚ್ಚಲಿಗೆ. ಮೊನ್ನೆಯಿಂದ ಇಬ್ಬರು ಎತ್ತಿ ಕೂರಿಸಬೇಕು." ಬದಲಾವಣೆ ತಿಂಗಳಿಂದ ತಿಂಗಳಿಗೆ ಕಂಡರೆ ಉಳಿದಿರುವುದು ತಿಂಗಳುಗಳು. ವಾರದಿಂದ ವಾರಕ್ಕೆ ಕಂಡರೆ ವಾರಗಳು. ದಿನದಿಂದ ದಿನಕ್ಕೆ ಕಂಡರೆ ದಿನಗಳು. ಇವರದು ಒಂದೇ ತಿಂಗಳಲ್ಲಿ ಮೂರನೆಯ ವೇಗಕ್ಕೆ ಬಂದಿತ್ತು. ಹೊರದೇಶದಲ್ಲಿದ್ದ ಮಗ ಯುಗಾದಿಗೆ ಬರುವುದೆಂದು ಮಾತಾಗಿತ್ತು. ಹಬ್ಬ ಕಾಯಬೇಡಿ, ಸಿಕ್ಕಿದ ವಿಮಾನ ಹತ್ತಿಸಿ ಎಂದೆ. ಅವರು ಬಂದಾಗ ತಂದೆಗೆ ಇನ್ನೂ ಮಾತು ಇತ್ತು. ತೋಟದ ಪಾಲಿನ ವಿಷಯ, ಮೊಮ್ಮಗಳ ಓದಿನ ವಿಷಯ ಎರಡನ್ನೂ ಅವರೇ ಹೇಳಿದರು.

ಹೀಗೆ ಹೇಳುವ ಮೊದಲು ಒಂದು ಪರೀಕ್ಷೆ ತಪ್ಪದೆ ಮಾಡಬೇಕು: ಈ ಇಳಿತಕ್ಕೆ ಸರಿಪಡಿಸಬಹುದಾದ ಕಾರಣ ಇದೆಯಾ? ರಕ್ತದಲ್ಲಿ ಕ್ಯಾಲ್ಶಿಯಂ ಏರಿದ ಕ್ಯಾನ್ಸರ್ ರೋಗಿ ಮಂಪರಿನಲ್ಲಿರುತ್ತಾರೆ, ಏನೇನೋ ಮಾತಾಡುತ್ತಾರೆ, ಮಲಬದ್ಧತೆ, ವಿಪರೀತ ಬಾಯಾರಿಕೆ. ನೋಡಿದರೆ ಕೊನೆಯ ದಿನಗಳು ಅನಿಸುತ್ತದೆ. ಡ್ರಿಪ್ ಮತ್ತು ಒಂದು ಇಂಜೆಕ್ಷನ್‌ನಿಂದ ಕೆಲವೇ ದಿನಗಳಲ್ಲಿ ಎದ್ದು ಕೂತವರಿದ್ದಾರೆ. ಮೂತ್ರದ ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಜಾಸ್ತಿಯಾದ ನಿದ್ದೆ ಮಾತ್ರೆ, ಖಿನ್ನತೆ ಇವೂ ಹಾಗೇ. ಇವನ್ನು ನೋಡದೆ "ಇನ್ನೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅನ್ನುವುದು ಅನ್ಯಾಯ.

ಈ ವೇಗದ ಲೆಕ್ಕ ಚೆನ್ನಾಗಿ ನಡೆಯುವುದು ಕ್ಯಾನ್ಸರ್‌ನಲ್ಲಿ. ಹೃದಯ ವೈಫಲ್ಯ, ಶ್ವಾಸಕೋಶದ ಸಿಒಪಿಡಿ, ಲಿವರ್ ಸಿರೋಸಿಸ್ ಬೇರೆ ದಾರಿ ಹಿಡಿಯುತ್ತವೆ. ಒಮ್ಮೆಲೇ ಕುಸಿತ, ಐಸಿಯು, ಮತ್ತೆ ಚೇತರಿಕೆ. ಪ್ರತಿ ಸಲವೂ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ. "ಹೋದ ಸಲಾನೂ ಉಳಿಯಲ್ಲ ಅಂದಿದ್ರು, ಎದ್ದು ಬಂದ್ರು ನೋಡಿ" ಎಂದು ಮನೆಯವರು ಹೇಳುವುದು ಈ ಕಾಯಿಲೆಗಳಲ್ಲೇ. ಅವರ ಮಾತು ನಿಜ. ಆದರೆ ಯಾವ ಕುಸಿತ ಕೊನೆಯದು ಎಂದು ಮೊದಲೇ ಹೇಳಲು ನಮಗೂ ಆಗುವುದಿಲ್ಲ. ಇಲ್ಲಿ ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆ ಇದು: ಇವರು ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ? ಆಗುವುದಿಲ್ಲ ಎಂದಾದರೆ ಮುಂದಿನ ಕುಸಿತಕ್ಕೆ ವೆಂಟಿಲೇಟರ್ ಬೇಕಾ ಬೇಡವಾ ಎಂಬ ಮಾತನ್ನು ರೋಗಿ ಚೆನ್ನಾಗಿರುವಾಗಲೇ ಆಡಬೇಕು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿಯಮ ಸರಳ ಮಾಡಿದ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಇಚ್ಛೆಪತ್ರ ಸಿದ್ಧವಾಗುತ್ತದೆ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದರ ಬಗ್ಗೆ ಆದೇಶ ಹೊರಡಿಸಿದೆ.

ನಮ್ಮಲ್ಲಿಗೆ ಕಳಿಸಿದರು ಅಂದರೆ ದಿನ ಎಣಿಸುವುದೇ ಎಂದು ಹೆದರುವವರು ತುಂಬಾ ಜನ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದವರಿಗೆ ಚಿಕಿತ್ಸೆಯ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟಾಗ ಮೀಡಿಯನ್ 11.6 ತಿಂಗಳು ಬಂತು. ಕೊಡದವರಲ್ಲಿ 8.9. ಬೇಗ ಬನ್ನಿ ಎಂದು ನಾನು ಬೇಡಿಕೊಳ್ಳುವುದು ಸುಮ್ನೆ ಅಲ್ಲ.

"ಅವರಿಗೆ ಮಾತ್ರ ಹೇಳ್ಬೇಡಿ" ಎಂಬ ಮಾತೂ ಬರುತ್ತದೆ. ಅದರಲ್ಲಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ನಾನು ರೋಗಿಯನ್ನು ಒಂದು ಮಾತು ಕೇಳುತ್ತೇನೆ: "ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳೀಬೇಕು ಅನ್ಸುತ್ತೆ?" ಕೆಲವರು "ಮಗನ ಹತ್ತಿರ ಮಾತಾಡಿ" ಅನ್ನುತ್ತಾರೆ, ಅಲ್ಲಿಗೆ ಬಿಡುತ್ತೇನೆ. ಇನ್ನು ಕೆಲವರು "ನನಗೆ ಎಲ್ಲಾ ಗೊತ್ತು, ಅವರಿಗೇ ಹೇಳೋಕೆ ಧೈರ್ಯ ಇಲ್ಲ" ಅನ್ನುತ್ತಾರೆ. ಆಗ ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತೇನೆ.

ನನ್ನ ಅಂದಾಜು ಎರಡು ಮೂರು ವಾರಕ್ಕೆ ಹಳೆಯದಾಗುತ್ತದೆ. ಹಾಗಾಗಿ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಭಾನುವಾರ ಮೂರು ವಿಷಯ ಬರೆಯಿರಿ: ಎಷ್ಟು ನಡೆದರು, ಎಷ್ಟು ತಿಂದರು, ಹಗಲಲ್ಲಿ ಎಷ್ಟು ಮಲಗಿದ್ದರು. ಮುಂದಿನ ಸಲ ಫೈಲಿನ ಜೊತೆ ಅದನ್ನೂ ತನ್ನಿ. ನುಂಗಲು ಆಗದಿದ್ದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾಗುತ್ತಿದ್ದರೆ, ಉಸಿರು ನಡುನಡುವೆ ನಿಂತು ಬರುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ, ಫೋನ್ ಮಾಡಿ.